ಅಜ್ಜನ ಇಂಗ್ಲಿಷ್ ಕೋವಿಯ ಬೆಲೆ ಕಟ್ಟುವಾಗ

ಕಾಸರಗೋಡಿನ ಮುಳ್ಳೇರಿಯ ಸುತ್ತಮುತ್ತ ಹಳೆಯ ಜೋಡುನಳಿಗೆ ಕೋವಿ ಮಾರುವ ಮಾತು ಬಂದರೆ ನನಗೆ ಕರೆ ಬರುತ್ತದೆ. ಮನೆಯವರು ಮೊದಲು ತೋರಿಸುವುದು ಕೋವಿಯ ಮೇಲಿನ ಇಂಗ್ಲಿಷ್ ತಯಾರಕರ ಹೆಸರು: ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್. ನಾನು ನೋಡುವುದು ನಳಿಗೆಯನ್ನು. ಮರ ಒಡೆದರೆ ಹೊಸದು ಹಾಕಿಸಬಹುದು. ನಳಿಗೆ ಹಾಳಾದರೆ ಕೋವಿಯೇ ಹೋದಂತೆ.

ಕೋವಿ ಮಡಚಿ, ಎರಡೂ ನಳಿಗೆ ಖಾಲಿ ಎಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನ ಕೆಲಸ. ನಳಿಗೆಗಳನ್ನು ಬಿಡಿಸಿ, ಅಡಿಯ ಕೊಕ್ಕೆಗೆ ಬೆರಳು ಕೊಟ್ಟು ತೂಗಿಸಿ, ಇನ್ನೊಂದು ಕೈಯ ಬೆರಳಗಂಟಿನಿಂದ ಮೆಲ್ಲಗೆ ತಟ್ಟಿ. ಚೆನ್ನಾಗಿದ್ದರೆ ದೇವಸ್ಥಾನದ ಗಂಟೆಯ ಹಾಗೆ ನಾದ ಎಳೆಯುತ್ತದೆ. ಆದೂರಿನ ಒಂದು ಮನೆಯಲ್ಲಿ, ಕೆತ್ತನೆಯಿಂದ ಕಣ್ಣು ಸೆಳೆಯುವ ಕೋವಿ ಒಡೆದ ಮಡಕೆಯ ಹಾಗೆ ಸದ್ದು ಮಾಡಿತು. ಎರಡು ನಳಿಗೆಗಳನ್ನು ಬೆಸೆದ ಪಟ್ಟಿಯ ಬೆಸುಗೆ ಬಿಟ್ಟಿತ್ತು.

ಆಮೇಲೆ ಒಳಗಿನ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ತುಕ್ಕಿನ ಗುಳಿಗಳನ್ನು ಎಣ್ಣೆ ಮರೆಮಾಡುತ್ತದೆ. ನಮ್ಮ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಚರ್ಮದ ಚೀಲದಲ್ಲಿ ಮಲಗಿದ ಕೋವಿಗಳಲ್ಲಿ ಇದು ಸಾಮಾನ್ಯ. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ನೆರಳಿನ ಬಳೆಗಳು ಕಾಣುತ್ತವೆ. ಬಳೆ ಎಲ್ಲಿ ಸೊಟ್ಟಗಾಯಿತೋ ಅಲ್ಲಿ ನಗ್ಗು. ಗುಳಿ ಉಜ್ಜಿ ತೆಗೆದಿದ್ದರೆ ನಳಿಗೆ ತೆಳುವಾಗಿರುತ್ತದೆ. ಅನುಭವಿ ಕಮ್ಮಾರರು 0.5 ಮಿಲಿಮೀಟರಿಗಿಂತ ತೆಳುವಾದುದನ್ನು ನಂಬುವುದಿಲ್ಲ. ಅದನ್ನು ಕೈಯಿಂದಲ್ಲ, ಮಾಪಕದಿಂದಲೇ ಅಳೆಸಿ.

ನಳಿಗೆಯ ಅಡಿಭಾಗದ ಮುದ್ರೆಗಳು ಅದರ ಜಾತಕ. ನಳಿಗೆಗಳನ್ನು ಹೆಚ್ಚು ಮದ್ದಿನಿಂದ ಸಿಡಿಸಿ ಪರೀಕ್ಷಿಸಲು 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ 1904ರ ನಂತರದ ಮುದ್ರೆಗಳಲ್ಲಿ ಕಿರೀಟದ ಕೆಳಗೆ ‘ಎನ್‌ಪಿ’ ಇದ್ದರೆ ಇಂದಿನ ತೋಟೆಗಳಲ್ಲಿರುವ ಹೊಗೆರಹಿತ ಮದ್ದಿಗೆ ಪರೀಕ್ಷೆ ಮಾಡಿದ್ದಾರೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯ ಮೇಲಿನ ಸುರುಳಿ ಗೆರೆ ಚೆಂದ, ಆದರೆ ಅವುಗಳಲ್ಲಿ ಹಲವು ಹಳೆಯ ಕಾಲದ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದವು. ಇಂದಿನ ತೋಟೆ ಹಾಕಿದರೆ ಸಿಡಿಯಬಹುದು. ಹಳೆಯ ಕೋವಿಗಳ ತೋಟೆಯ ಕೋಣೆ ಹೆಚ್ಚಾಗಿ ಎರಡೂವರೆ ಇಂಚು, ಈಗಿನ ತೋಟೆ ಅದಕ್ಕಿಂತ ಉದ್ದವಿರಬಹುದು. ಇದನ್ನೂ ಅಳೆಸಿ.

ಮುಂಗೈ ಹಿಡಿಯ ಮರ ತೆಗೆದು ಕೋವಿ ಅಲುಗಿಸಿದಾಗ ಕಟಕಟ ಎಂದರೆ ಕೀಲು ಸವೆದಿದೆ. ಬೆಲೆ ತಗ್ಗಿಸಿ.

ಇವೆಲ್ಲ ಸರಿಯಿದ್ದರೆ ಹೆಸರು ನೋಡಿ. ಕುದುರೆಯ, ಎಂದರೆ ಮದ್ದು ಸಿಡಿಸುವ ಸುತ್ತಿಗೆಯ, ಯಂತ್ರ ಪಕ್ಕದ ತಟ್ಟೆಯಲ್ಲಿರುವ ಲಂಡನ್ ಕೋವಿಗೆ ಹೆಚ್ಚು ಬೆಲೆ. 1875ರ ಆನ್ಸನ್ ಮತ್ತು ಡೀಲಿ ವಿನ್ಯಾಸದ, ಯಂತ್ರ ಕೋವಿಯ ಒಡಲಿನೊಳಗೇ ಇರುವ ಪೆಟ್ಟಿಗೆ ಮಾದರಿಗೆ ಕಡಿಮೆ, ಗಟ್ಟಿತನದಲ್ಲಿ ಮಾತ್ರ ಅದು ಹಿಂದಲ್ಲ. ಲೈಸೆನ್ಸ್ ಇಲ್ಲದವರಿಗೆ ಮಾರುವಂತಿಲ್ಲ, ಆದ್ದರಿಂದ ಕೊಳ್ಳುವವರೇ ಕಡಿಮೆ. ಲಂಡನ್ ಹರಾಜಿನ ದರ ಕೇಳಿ ನಮ್ಮಲ್ಲಿ ಅಷ್ಟು ನಿರೀಕ್ಷಿಸಬೇಡಿ.

ಆದೂರಿನ ಕೋವಿಯನ್ನು ಮನೆಯವರು ಮಾರಲಿಲ್ಲ. ಬೆಸುಗೆಗೆ ಕೊಡುವ ಮೊದಲು ಅದರ ನಳಿಗೆಯ ದಪ್ಪ ಅಳೆಸುತ್ತಿದ್ದೇವೆ.