ನೌಕರಿ ಬಿಟ್ಟು ಚಟ್ನಿ ಪುಡಿ ಘಟಕ: ಮೊದಲು ನಿಮ್ಮ ಕೂಲಿ ಲೆಕ್ಕ ಹಾಕಿ

ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವನು ನಾನು. ಈಗ ಧಾರವಾಡದಲ್ಲಿ ಹೆಂಡತಿಯೊಂದಿಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಪುಡಿ ಮಾಡಿ ಮಾರುತ್ತೇನೆ. ‘ನಾನೂ ನೌಕರಿ ಬಿಡಬೇಕಂತ ಮಾಡೇನ್ರಿ, ಎಲ್ಲಿಂದ ಶುರು ಮಾಡ್ಲಿ?’ ಎಂದು ಕೇಳುವವರು ಆಗಾಗ ಬರುತ್ತಾರೆ. ಲೈಸೆನ್ಸ್, ಸಾಲ, ಸಬ್ಸಿಡಿ ಎಲ್ಲ ವಿಚಾರಿಸುತ್ತಾರೆ. ಆದರೆ ತಮ್ಮ ಕೂಲಿ ಎಷ್ಟೆಂಬ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಮೊದಲ ಮೂರು ತಿಂಗಳು ನನ್ನ ತಲೆಯಲ್ಲೂ ಅದು ಬಂದಿರಲಿಲ್ಲ.

ಸಂಬಳ ಬರುತ್ತಿರುವಾಗಲೇ ಮಾರಿ ನೋಡಿ

ರಾಜೀನಾಮೆಗೆ ಮುಂಚೆ ಆರು ತಿಂಗಳಾದರೂ ರಜೆಯ ದಿನಗಳಲ್ಲಿ ಮಾಡಿ ಮಾರಿ. ನೆಂಟರು ಪ್ರೀತಿಗೆ ಕೊಳ್ಳುತ್ತಾರೆ, ಅದು ಲೆಕ್ಕಕ್ಕಿಲ್ಲ. ಗುರುತಿಲ್ಲದ ಕಿರಾಣಿ ಅಂಗಡಿಗೆ ಕೊಡಿ. ಅವರು ತಾವಾಗಿ ಫೋನ್ ಮಾಡಿ ‘ಇನ್ನ ಇಪ್ಪತ್ತು ಪಾಕೀಟು ಕಳಸ್ರಿ’ ಎಂದರೆ ಮುಂದಿನ ಹೆಜ್ಜೆ ಇಡಬಹುದು. ಹೀಗೆ ನೋಡಲೆಂದು ಮಾರುವ ಪಾಕೀಟಿಗೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮನೆಯ ಅಡುಗೆಮನೆಯಲ್ಲಿ ಮಾಡುವವರಿಗೂ ಅದು ಸಿಗುತ್ತದೆ.

ಅದಕ್ಕೂ ಮೊದಲು ನೇಮಕಾತಿ ಪತ್ರ ತೆಗೆದು ಓದಿ. ಬೇರೆ ವ್ಯವಹಾರ ಮಾಡಕೂಡದೆಂಬ ಷರತ್ತಿದ್ದರೆ ಬರವಣಿಗೆಯಲ್ಲಿ ಅನುಮತಿ ಕೇಳಿ. ಸರ್ಕಾರಿ ನೌಕರರಂತೂ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಇಲ್ಲದೆ ವ್ಯಾಪಾರಕ್ಕೆ ಕೈಹಾಕುವಂತಿಲ್ಲ.

ಒಂದು ಒಬ್ಬೆಯ ಲೆಕ್ಕ

ನಮ್ಮ ಮೊದಲ ಲೆಕ್ಕ ಇಲ್ಲಿದೆ. ಎಂಟು ಕೆ.ಜಿ. ಶೇಂಗಾ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಗೋಣಿತಟ್ಟಿನ ಮೇಲೆ ಉಜ್ಜಿ, ಮೊರದಲ್ಲಿ ಕೇರಿದರೆ ಉಳಿಯುವುದು ಏಳು ಕೆ.ಜಿ.ಗಿಂತ ತುಸು ಹೆಚ್ಚು. ಬ್ಯಾಡಗಿ ಖಾರ, ಬೆಳ್ಳುಳ್ಳಿ, ಜೀರಿಗೆ, ಬೆಲ್ಲ, ಉಪ್ಪು ಹಾಕಿ ಕುಟ್ಟಿದರೆ ಎಂಟೂವರೆ ಕೆ.ಜಿ. ಚಟ್ನಿ. ಅಂದರೆ 250 ಗ್ರಾಂನ 34 ಪಾಕೀಟು. ಆಗಿನ ದರದಲ್ಲಿ ಸಾಮಗ್ರಿಗೆ 1,400 ರೂಪಾಯಿ, ಕವರು-ಲೇಬಲ್ಲಿಗೆ 204, ಗ್ಯಾಸು-ಕರೆಂಟಿಗೆ 130. ಒಟ್ಟು 1,734, ಪಾಕೀಟಿಗೆ 51 ರೂಪಾಯಿ. ಎಂಆರ್‌ಪಿ 85 ಎಂದು ಲೇಬಲ್ ಮಾಡಿಸಿ, ಅಂಗಡಿಯವರಿಗೆ ಶೇ 20 ಬಿಟ್ಟು 68ಕ್ಕೆ ಕೊಟ್ಟೆವು. ಪಾಕೀಟಿಗೆ 17 ರೂಪಾಯಿ ಉಳಿಯಿತೆಂದು ಹಿಗ್ಗಿದೆವು.

ನಾಲ್ಕನೇ ತಿಂಗಳು ಹೆಂಡತಿಗೆ ಜ್ವರ ಬಂತು, ನಾನು ಆಸ್ಪತ್ರೆ ಓಡಾಟದಲ್ಲಿದ್ದೆ. ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆದೆವು. ಒಂದೊಂದು ಒಬ್ಬೆಗೆ ಐದು ತಾಸು, ತಲಾ 300 ರೂಪಾಯಿ. ಎರಡೇ ವಾರದಲ್ಲಿ ಗಲ್ಲೆ ಬರಿದಾಯಿತು. ಆಗ ಕೂತು ಲೆಕ್ಕ ಹಾಕಿದೆ: 1,734ಕ್ಕೆ 600 ಕೂಡಿಸಿದರೆ 2,334, ಪಾಕೀಟಿಗೆ 68 ರೂಪಾಯಿ 65 ಪೈಸೆ. ನಾವು ಮಾರುತ್ತಿದ್ದದ್ದು 68ಕ್ಕೆ! ಅಷ್ಟು ದಿನ ಲಾಭವೆಂದು ಎಣಿಸಿದ್ದು ನಮ್ಮದೇ ಕೂಲಿ.

ಎಂಆರ್‌ಪಿ 100 ಮಾಡಿದೆವು, ಅಂಗಡಿಗೆ 80. ಇಬ್ಬರು ಅಂಗಡಿಯವರು ಸರಕು ಬೇಡವೆಂದರು, ಉಳಿದವರು ಒಪ್ಪಿದರು. ಮಿಕ್ಕುವ ಹನ್ನೊಂದು ರೂಪಾಯಿಯಲ್ಲೇ ಬಾಡಿಗೆ, ಪೆಟ್ರೋಲು, ವಾಪಸು ಬರುವ ಪಾಕೀಟಿನ ನಷ್ಟ ಎಲ್ಲ ತೂಗಬೇಕು. ಹೊಸ ಮೆಣಸಿನಕಾಯಿ ಬರುವ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ವರ್ಷದ ಮಾಲು ತಂದಿಟ್ಟುಕೊಳ್ಳಿ. ಅಲ್ಲಿನ ದರ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ, ಹಾಗಾಗಿ ಪ್ರತಿ ಸುಗ್ಗಿಯಲ್ಲೂ ಈ ಲೆಕ್ಕ ಹೊಸದಾಗಿ ಹಾಕಬೇಕು.

ರಾಜೀನಾಮೆಯ ತಾರೀಖು

ತಾರೀಖು ಹಿಡಿಯುವ ಮುನ್ನ ಸೇವೆಯ ವರ್ಷ ಎಣಿಸಿ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗಲು ಸತತ ಐದು ವರ್ಷದ ಸೇವೆ ಬೇಕು. ನಾಲ್ಕೂವರೆ ವರ್ಷವಾಗಿದ್ದರೆ ದಯವಿಟ್ಟು ಇನ್ನಾರು ತಿಂಗಳು ತಾಳಿ. ಮೂಲ ವೇತನ, ತುಟ್ಟಿಭತ್ಯೆ ಕೂಡಿ 26,000 ಇದ್ದು ಎಂಟು ವರ್ಷ ದುಡಿದಿದ್ದರೆ, ತಿಂಗಳಿಗೆ 26 ದಿನ ಹಿಡಿದು, ವರ್ಷಕ್ಕೆ 15 ದಿನದ ಸಂಬಳದಂತೆ 1,20,000 ರೂಪಾಯಿ ಕೈಗೆ ಬರುತ್ತದೆ. ಪಿಎಫ್‌ನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಐದು ವರ್ಷ ತುಂಬುವ ಮೊದಲೇ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಮೆಷಿನ್ ಕೊಳ್ಳಲು ಪಿಎಫ್ ಮುಟ್ಟಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಪನಿಯ ಆರೋಗ್ಯ ವಿಮೆ ನೌಕರಿಯ ಜೊತೆಗೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವಿದೆ. ಕೊನೆಯ ದಿನದವರೆಗೆ ಕಾಯದೆ ಅರ್ಜಿ ಹಾಕಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಇದ್ದರೆ ಇದನ್ನು ಮರೆಯಲೇಬಾರದು. ಇನ್ನು ಒಂದು ವರ್ಷದ ಮನೆಖರ್ಚನ್ನು ವ್ಯಾಪಾರದ ಬಂಡವಾಳದಿಂದ ಬೇರೆಯಾಗಿ, ಬೇರೆ ಖಾತೆಯಲ್ಲೇ ಇಡಿ.

ಕಾಗದಪತ್ರ

ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಪೂರ್ತಿ ಉಚಿತ, ಆಧಾರ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅದೇ ಹೋಲಿಕೆಯ ಹೆಸರಿಟ್ಟುಕೊಂಡು ದುಡ್ಡು ಕೀಳುವ ಜಾಲತಾಣಗಳಿವೆ, ಎಚ್ಚರ. ಪಾಲಿಕೆ ಅಥವಾ ಪಂಚಾಯಿತಿಯ ಟ್ರೇಡ್ ಲೈಸೆನ್ಸ್ ಬಗ್ಗೆಯೂ ವಿಚಾರಿಸಿ. ಪಾಕೀಟಿನ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ವಿಳಾಸ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಲೇಬೇಕು.

ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಗೋವಾದ ಅಂಗಡಿಗೆ ಒಂದೇ ಡಬ್ಬಿ ಕಳಿಸಿದರೂ ಅದು ಅಂತರರಾಜ್ಯ ಮಾರಾಟ, ಆಗ ಈ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ರಾಜ್ಯದ ಸಣ್ಣ ವ್ಯಾಪಾರಿಗಳು ಎಷ್ಟು ಗಾಬರಿಯಾದರೆಂಬುದು ನೆನಪಿರಬಹುದು. ಮನೆಯ ದುಡ್ಡೂ ಅಂಗಡಿಯ ದುಡ್ಡೂ ಒಂದೇ ಕ್ಯೂಆರ್ ಕೋಡಿಗೆ ಬೀಳುತ್ತಿದ್ದರೆ ಯಾವುದು ಯಾವುದೆಂದು ಬಿಡಿಸಿ ತೋರಿಸುವುದು ಕಷ್ಟ. ಮೊದಲ ದಿನದಿಂದಲೇ ಪ್ರತ್ಯೇಕ ಕರೆಂಟ್ ಅಕೌಂಟ್ ತೆರೆಯಿರಿ.

ಸಾಲ ಮತ್ತು ತರಬೇತಿ

ಸ್ವಂತ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ನೆರವು ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯ ಸಬ್ಸಿಡಿ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಶೇ 25 ಮತ್ತು 35. ನಾವು ನನ್ನ ಹೆಂಡತಿಯ ಹೆಸರಲ್ಲಿ ವಿಚಾರಿಸಲು ಹೋದಾಗ ಎರಡು ವಿಷಯ ಗೊತ್ತಾಯಿತು. ಒಂದು, ಯೋಜನೆ ಹೊಸ ಘಟಕಗಳಿಗೆ ಮಾತ್ರ. ಮೆಷಿನ್ ತಂದು ಘಟಕ ಶುರು ಮಾಡಿದ ಮೇಲೆ ಅರ್ಜಿ ಹಾಕಿ ಪ್ರಯೋಜನವಿಲ್ಲ, ನಮ್ಮದು ಹಾಗೇ ತಪ್ಪಿಹೋಯಿತು. ಎರಡು, ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ.

ತರಬೇತಿಗೆ ದೂರ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತವಾಗಿ ಕಲಿಸುತ್ತದೆ, ಧಾರವಾಡದಲ್ಲೂ ಇದೆ. ಉದ್ಯಮ ನಡೆಸುವ ತರಬೇತಿ ಕೊಡುವ ರಾಜ್ಯದ ಸಂಸ್ಥೆ ಸಿಡಾಕ್ ಕೂಡ ಇಲ್ಲಿಯೇ ಇದೆ.

ಒಂದನೇ ತಾರೀಖು

ಲೆಕ್ಕ ಸರಿಯಾದ ಮೇಲೆ ನಾವೊಂದು ಪದ್ಧತಿ ಮಾಡಿಕೊಂಡೆವು. ಪ್ರತಿ ತಿಂಗಳ ಒಂದನೇ ತಾರೀಖು ಘಟಕದ ಖಾತೆಯಿಂದ ಮನೆ ಖಾತೆಗೆ ಇಬ್ಬರಿಗೂ ತಲಾ ಒಂಬತ್ತು ಸಾವಿರ ಸಂಬಳ ಹೋಗಬೇಕು. ಏಳನೇ ತಿಂಗಳು ಹೋಗಲಿಲ್ಲ. ವಹಿ ತೆಗೆದು ನೋಡಿದರೆ ಮೂರು ಅಂಗಡಿಗಳಲ್ಲಿ 22,000 ರೂಪಾಯಿ ಉದ್ರಿ ನಿಂತಿತ್ತು. ಮರುದಿನ ಬೆಳಿಗ್ಗೆ ಹೊಸ ಒಬ್ಬೆ ಹುರಿಯಲಿಲ್ಲ. ಇಬ್ಬರೂ ಸ್ಕೂಟರ್ ಹತ್ತಿ ಆ ಮೂರೂ ಅಂಗಡಿಗೆ ಹೋಗಿ, ಹಳೆ ಬಾಕಿ ಕೊಟ್ಟ ಮೇಲೇ ಹೊಸ ಪಾಕೀಟು ಎಂದು ಹೇಳಿ ಬಂದೆವು. ಸಂಬಳ ಹನ್ನೊಂದನೇ ತಾರೀಖಿಗೆ ಆಯಿತು.