ಪವರ್ ಫಾರ್ವರ್ಡ್ ಆಗಿದ್ದುಕೊಂಡು ತ್ರೀ ಪಾಯಿಂಟರ್ ಕಡಿಮೆ ಮಾಡಿದ್ದು

ಕಾಲೇಜಿನಿಂದ ಹಿಡಿದು ಈಗ ಬೆಂಗಳೂರಿನ ವಾರಾಂತ್ಯದ ಪಂದ್ಯಗಳವರೆಗೆ ನಾನು ಬ್ಯಾಸ್ಕೆಟ್‌ಬಾಲ್ ಆಡಿದ್ದೆಲ್ಲ ಪವರ್ ಫಾರ್ವರ್ಡ್ ಜಾಗದಲ್ಲೇ, ಅಂದರೆ ರಿಂಗಿನ ಬಳಿ ಆಡುವ ದೊಡ್ಡ ಆಳುಗಳಲ್ಲಿ ಒಬ್ಬನಾಗಿ; ಈ ಜಾಗಕ್ಕೆ ನಾಲ್ಕನೇ ನಂಬರ್ ಎಂದೂ ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ತ್ರೀ ಪಾಯಿಂಟರ್, ಅಂದರೆ ದೂರದ ಕಮಾನು ಗೆರೆಯಾಚೆಯಿಂದ ಮೂರಂಕಕ್ಕೆ ಹೊಡೆಯುವುದನ್ನು ಬೇಕೆಂತಲೇ ಕಡಿಮೆ ಮಾಡಿದ್ದೇನೆ. ಜೊತೆಗೆ ಆಡುವ ಹುಡುಗರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅವರು ನೋಡುವ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಏಳಡಿ ಆಳೂ ಗೆರೆಯಾಚೆ ನಿಂತು ಹೊಡೆಯುತ್ತಾನೆ. 2024ರಲ್ಲಿ ಚಾಂಪಿಯನ್ ಆದ ಬಾಸ್ಟನ್ ಸೆಲ್ಟಿಕ್ಸ್ ಮರು ಸೀಸನ್‌ನಲ್ಲಿ ಎರಡಂಕದ ಹೊಡೆತಕ್ಕಿಂತ ಮೂರಂಕದ್ದನ್ನೇ ಹೆಚ್ಚು ಹೊಡೆಯಿತು. ಅಲ್ಲಿನ ಆಟಗಾರರ ಕೈಗೆ ಆ ಲೆಕ್ಕ ಸರಿ. ನಮ್ಮ ಮಟ್ಟದ ಆಟದಲ್ಲಿ ನಾಲ್ಕನೇ ನಂಬರಿನವನು ಅದನ್ನು ಹಾಗೇ ಎತ್ತಿಕೊಂಡರೆ ತಂಡಕ್ಕೆ ನಷ್ಟ.

ಗೆರೆಯಾಚೆಯಿಂದ 100ಕ್ಕೆ 30 ಬಿದ್ದರೆ 90 ಅಂಕ. ಒಳಗಿನಿಂದ 100ಕ್ಕೆ 45 ಬಿದ್ದರೂ ಅದೇ 90. ಎರಡೂ ಒಂದೇ ತಾನೆ ಎಂದು ವಾದಿಸುವವರು ಬಾಕಿ 70 ಚೆಂಡುಗಳನ್ನು ಮರೆಯುತ್ತಾರೆ. ಅವು ರಿಂಗಿಗೆ ಬಡಿದು ಹೊರಬರುವಾಗ ನಾನು 6.75 ಮೀಟರ್ ದೂರದಲ್ಲಿರುತ್ತೇನೆ. ನಮ್ಮಂಥ ತಂಡದಲ್ಲಿ ಬಾಕ್ಸ್ ಔಟ್ ಮಾಡಿ (ಎದುರಾಳಿಯನ್ನು ಮೈಯಿಂದ ಹಿಂದೆ ತಡೆದು) ರಿಬೌಂಡ್ (ಬಡಿದು ಹೊರಬಂದ ಚೆಂಡು) ಹಿಡಿಯುವ ಮೈಕಟ್ಟು ಇರುವುದೇ ಇಬ್ಬರಿಗೆ. ಅವರಲ್ಲೊಬ್ಬ ಹೊರಗುಳಿದರೆ ಇನ್ನೊಬ್ಬ ದೊಡ್ಡ ಆಳಾದ ಸೆಂಟರ್ ಒಬ್ಬನೇ ಎದುರಾಳಿಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಇನ್ನು ಫೌಲ್. ಒಂದು ಕ್ವಾರ್ಟರ್‌ನಲ್ಲಿ ಎದುರು ತಂಡದ ಫೌಲ್ ನಾಲ್ಕು ಆಯಿತೆಂದರೆ ಆಮೇಲಿನ ಪ್ರತಿ ಡಿಫೆನ್ಸ್ ಫೌಲಿಗೂ ನಮಗೆ ಎರಡು ಫ್ರೀ ಥ್ರೋ, ಅಂದರೆ ಯಾರ ತಡೆಯೂ ಇಲ್ಲದ ಹೊಡೆತ. ಆ ಫೌಲ್‌ಗಳು ಬೀಳುವುದು ಪೋಸ್ಟ್‌ನಲ್ಲಿ, ಅಂದರೆ ರಿಂಗಿನ ಹತ್ತಿರ, ಅದಕ್ಕೆ ಬೆನ್ನುಕೊಟ್ಟು ಆಡುವವನಿಂದ. ದೂರದಿಂದ ಹೊಡೆಯುವವನನ್ನು ಅಷ್ಟಾಗಿ ಯಾರೂ ಮುಟ್ಟುವುದಿಲ್ಲ.

ಇದೆಲ್ಲದರ ಮೇಲೆ ನಮ್ಮ ಟೂರ್ನಮೆಂಟ್‌ಗಳು ಬಹುಪಾಲು ನಾಕೌಟ್. 2018ರ ಎನ್‌ಬಿಎ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ನಿರ್ಣಾಯಕ ಏಳನೇ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸತತ 27 ತ್ರೀ ಪಾಯಿಂಟರ್ ತಪ್ಪಿಸಿ ಸೋತಿತು. ಒಟ್ಟು 44ರಲ್ಲಿ ಬಿದ್ದದ್ದು 7. ಆ ಸೀಸನ್‌ನ ಲೀಗ್ ಹಂತದಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದ ತಂಡ ಅದು. ಸರಾಸರಿ ಇಡೀ ವರ್ಷಕ್ಕೆ ಸರಿಹೋಗುತ್ತದೆ, ಒಂದು ಸಂಜೆಗೆ ಭರವಸೆ ಕೊಡುವುದಿಲ್ಲ. ಅದರಲ್ಲೂ ಬಯಲು ಕೋರ್ಟಿನಲ್ಲಿ ಗಾಳಿ ಬೀಸುವಾಗ ದೂರದ ಹೊಡೆತ ಎತ್ತ ಹೋಗುತ್ತದೋ ಹೇಳಲಾಗದು.

ನಾನು ಮೊದಲು ಮಾಡಿದ ಕೆಲಸ, ಬೆಂಚಿನಲ್ಲಿ ಕೂತ ಗೆಳೆಯನಿಂದ ನನ್ನ ಹೊಡೆತಗಳನ್ನು ಜಾಗವಾರು ಬರೆಸಿದ್ದು: ಎಲ್ಲಿ ನಿಂತಿದ್ದೆ, ಪಾಸ್ ಎಲ್ಲಿಂದ ಬಂತು, ಎದುರು ಯಾರಾದರೂ ಇದ್ದರೇ. ಕೆಲವು ಪಂದ್ಯಗಳಲ್ಲೇ ಚಿತ್ರ ಸ್ಪಷ್ಟವಾಯಿತು. ಪೋಸ್ಟ್‌ನಿಂದ ಹೊರಗೆ ಬಂದ ಪಾಸನ್ನು ಕಾರ್ನರ್‌ನಲ್ಲಿ ಕಾಲೂರಿ ನಿಂತು ಹಿಡಿದಾಗ ಚೆಂಡು ಬೀಳುತ್ತಿತ್ತು. ಅಲ್ಲಿ ಗೆರೆಯೂ ರಿಂಗಿಗೆ ಒಂದಿಷ್ಟು ಹತ್ತಿರ, 6.60 ಮೀಟರ್. ಫಾಸ್ಟ್ ಬ್ರೇಕ್‌ನ (ವೇಗದ ಪ್ರತಿದಾಳಿಯ) ಹಿಂದೆ ಓಡಿಬಂದು ನೇರ ಎದುರಿನಿಂದ ಹೊಡೆದವು, ಸ್ಕ್ರೀನ್ ಹಾಕಿ (ಎದುರಾಳಿಯ ದಾರಿಗೆ ಅಡ್ಡ ನಿಂತು) ಹೊರಕ್ಕೆ ಸರಿದು ಅವಸರದಲ್ಲಿ ಹೊಡೆದವು ಬೀಳುತ್ತಿರಲಿಲ್ಲ. ಕಾರ್ನರ್ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟೆ.

ಕಷ್ಟ ಶುರುವಾದದ್ದು ಆಮೇಲೆ. ನಾನು ಹೊಡೆಯುವುದಿಲ್ಲ ಎಂದು ಗೊತ್ತಾದೊಡನೆ ನನ್ನನ್ನು ಕಾಯುವವನು ಹಿಂದೆ ಸರಿದು ರಿಂಗಿನ ಕೆಳಗೆ ನಿಂತ. ಚೆಂಡು ನಡೆಸುವ ನಮ್ಮ ಗಾರ್ಡ್‌ಗಳಿಗೆ ಒಳನುಗ್ಗಲು ದಾರಿಯೇ ಇಲ್ಲ. ದೊಡ್ಡ ಆಳೂ ತ್ರೀ ಹೊಡೆಯಲೇಬೇಕು ಅನ್ನುವವರ ಅತಿ ಗಟ್ಟಿಯಾದ ವಾದ ಇದೇ, ಅದರಲ್ಲಿ ಹುರುಳಿದೆ. ಇದಕ್ಕೆ ಉತ್ತರ ಸ್ಕ್ರೀನ್‌ನಲ್ಲಿ ಸಿಕ್ಕಿತು. ನನ್ನವನು ಅಷ್ಟು ಹಿಂದೆ ನಿಂತಿದ್ದರೆ ನಾನು ಹೋಗಿ ನಮ್ಮ ಒಳ್ಳೆಯ ಶೂಟರ್‌ಗೆ ಸ್ಕ್ರೀನ್ ಹಾಕುತ್ತೇನೆ. ಶೂಟರ್‌ನ ಬೆನ್ನುಹತ್ತಿದವನು ನನ್ನ ಮೈಗೆ ತಗಲಿ ನಿಂತಾಗ ಮುಂದೆ ಬಂದು ತಡೆಯಬೇಕಾದವನು ದೂರ ಇರುತ್ತಾನೆ. ತ್ರೀ ಹೊಡೆಯಬೇಕಾದ ಹುಡುಗನಿಗೇ ಬಿಡುವಾದ ತ್ರೀ ಸಿಗುತ್ತದೆ. ಅವರು ಎಚ್ಚೆತ್ತು ಮುಂದೆ ಬಂದರೋ, ನಾನು ಫ್ರೀ ಥ್ರೋ ಗೆರೆಯತ್ತ ಸರಿದು ಪಾಸ್ ಹಿಡಿಯುತ್ತೇನೆ. ಅಲ್ಲಿಂದ ಒಂದೆರಡು ಡ್ರಿಬಲ್‌ಗೆ ರಿಂಗ್. ಇದನ್ನು ಕಲಿಯಲು ತ್ರೀ ಅಭ್ಯಾಸಕ್ಕಿಂತ ಹೆಚ್ಚು ತಾಳ್ಮೆ ಬೇಕಾಯಿತು, ಏಕೆಂದರೆ ಗಾರ್ಡ್‌ಗಳೂ ಜೊತೆಗೆ ಕಲಿಯಬೇಕು.

ಎನ್‌ಬಿಎ ತಂಡ ಮಿಲ್ವಾಕಿಯಲ್ಲಿ ಆಡುವಾಗ ಪವರ್ ಫಾರ್ವರ್ಡ್ ಯಾನಿಸ್ ಆಂಟೆಟೊಕುಂಪೊ ಹಿಡಿದ ದಾರಿಯೂ ನನಗೆ ಧೈರ್ಯ ಕೊಟ್ಟಿತು. 2019-20ರಲ್ಲಿ ಪಂದ್ಯಕ್ಕೆ ನಾಲ್ಕಕ್ಕಿಂತ ಹೆಚ್ಚು ತ್ರೀ ಹೊಡೆಯುತ್ತಿದ್ದವನು 2023-24ರ ಹೊತ್ತಿಗೆ ಎರಡಕ್ಕಿಂತ ಕಡಿಮೆಗೆ ಇಳಿಸಿದ. ಆ ವರ್ಷ ಅವನ ಒಟ್ಟು ಹೊಡೆತಗಳಲ್ಲಿ ಶೇ. 61 ಬಿದ್ದವು. ಡರ್ಕ್ ನೊವಿಟ್ಸ್ಕಿಯ ಮಾತೇ ಬೇರೆ. ಅವನೂ ಪವರ್ ಫಾರ್ವರ್ಡ್, ಆದರೆ 2006ರಲ್ಲಿ ಆಲ್ ಸ್ಟಾರ್ ತ್ರೀ ಪಾಯಿಂಟ್ ಸ್ಪರ್ಧೆಯನ್ನೇ ಗೆದ್ದವನು. ಅಂಥ ಕೈ ಇರುವವನಿಗೆ ಕಡಿಮೆ ಹೊಡಿ ಎಂದು ನಾನೆಂದೂ ಹೇಳೆನು.

ತ್ರೀ ಅಭ್ಯಾಸದಿಂದ ಉಳಿದ ಸಮಯವನ್ನು ಫ್ರೀ ಥ್ರೋಗೆ ಕೊಟ್ಟೆ. ಒಳಗೆ ಆಡಿ ಫೌಲ್ ಗಿಟ್ಟಿಸಿ ಗೆರೆಯಲ್ಲಿ ಎರಡೂ ತಪ್ಪಿಸಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಸುಸ್ತಾಗಿ ಏದುಸಿರು ಬಿಡುವಾಗಲೇ ಹೊಡೆದು ರೂಢಿಸಿಕೊಳ್ಳಬೇಕು. ಪಂದ್ಯದಲ್ಲಿ ಅವು ಬರುವುದೇ ಆ ಸ್ಥಿತಿಯಲ್ಲಿ. ಎತ್ತರದ ಹುಡುಗರು ಅಭ್ಯಾಸಕ್ಕೆ ಬಂದರೆ ನಾನು ಮೊದಲು ಬಾಕ್ಸ್ ಔಟ್, ಎರಡೂ ಕೈಯ ಲೇಅಪ್ (ರಿಂಗಿನ ಬಳಿ ಜಿಗಿದು ಹಾಕುವ ಹೊಡೆತ), ಫ್ರೀ ಥ್ರೋ ಮಾಡಿಸುತ್ತೇನೆ. ಕಾರ್ನರ್‌ನಲ್ಲಿ ಎದುರು ಯಾರೂ ಇಲ್ಲದೆ ಹತ್ತಕ್ಕೆ ಆರಾದರೂ ದಿನವೂ ಬೀಳತೊಡಗಿದ ಮೇಲಷ್ಟೇ ಪಂದ್ಯದಲ್ಲಿ ತ್ರೀ ಹೊಡೆಯಲು ಹೇಳುತ್ತೇನೆ.