ಡೇಕೇರ್‌ನಲ್ಲಿ ಮಗುವಿಗೆ ತೊಂದರೆಯಾದರೆ ದೂರು ಕೊಡುವುದು ಹೇಗೆ?

ಡೇಕೇರ್‌ನಿಂದ ಬಂದ ಮಗುವಿನ ತೋಳಿನಲ್ಲಿ ಬರೆ ಕಂಡರೆ ಎಷ್ಟೋ ಪೋಷಕರು ಮೊದಲು ಅದರ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಆ ಸಿಟ್ಟು ಸಹಜವೇ. ಆದರೆ ಅದರಿಂದ ಮಗುವಿನ ಗುರುತು ಊರಿಗೆಲ್ಲ ತಿಳಿಯುತ್ತದೆಯೇ ಹೊರತು ಯಾವ ಅಧಿಕಾರಿಯೂ ಕ್ರಮ ಕೈಗೊಳ್ಳಬೇಕಾಗಿ ಬರುವುದಿಲ್ಲ. ಅಧಿಕಾರಿಗೆ ಹೊಣೆ ಬರುವುದು ಲಿಖಿತ ದೂರಿನಿಂದ.

ಅಂದೇ ರಾತ್ರಿ ಒಂದು ಹಾಳೆಯಲ್ಲಿ ದಿನಾಂಕ, ಮಗುವನ್ನು ಬಿಟ್ಟ ಮತ್ತು ಕರೆತಂದ ಸಮಯ, ಅಲ್ಲಿದ್ದ ಸಿಬ್ಬಂದಿ, ಅವರು ಕೊಟ್ಟ ವಿವರಣೆ ಎಲ್ಲವನ್ನೂ ಬರೆದಿಡಿ. ‘ಆಂಟಿ ಕತ್ಲೆ ರೂಮಲ್ಲಿ ಕೂರ್ಸಿದ್ರು’ ಎಂದು ಮಗು ಹೇಳಿದ್ದರೆ ಆ ಮಾತನ್ನು ತಿದ್ದದೆ ಹಾಗೆಯೇ ದಾಖಲಿಸಿ. ‘ಆಂಟಿ ಹೊಡೆದ್ರಾ?’ ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆಗಳನ್ನು ಪದೇ ಪದೇ ಕೇಳಬೇಡಿ. ಇದರಿಂದ ಮಗು ಗೊಂದಲಕ್ಕೆ ಬೀಳುತ್ತದೆ, ಮುಂದೆ ಅದರ ಹೇಳಿಕೆಯ ಬಲವೂ ಕುಗ್ಗುತ್ತದೆ. ವೈದ್ಯರಿಗೆ ತೋರಿಸಿ, ಗಾಯದ ವಿವರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಸಿಟಿವಿಯ ಹಳೆಯ ದೃಶ್ಯಗಳು ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುವುದರಿಂದ, ಅವನ್ನು ಕಾಯ್ದಿರಿಸುವಂತೆ ಕೇಂದ್ರಕ್ಕೆ ಇ-ಮೇಲ್ ಕಳುಹಿಸಿ.

ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಮಾತ್ರ ಕೇಂದ್ರದವರೊಂದಿಗೆ ಚರ್ಚೆಗೆ ಇಳಿಯದೆ, ಬಟ್ಟೆ ಒಗೆಯದೆ, ನೇರವಾಗಿ ಪೊಲೀಸರ ಬಳಿ ಹೋಗಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಇಂಥ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಮ್ಮ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲುಶಿಕ್ಷೆಯಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರದಲ್ಲಿಲ್ಲದ ಅಧಿಕಾರಿ ಪಡೆಯಬೇಕು. ಈ ನಿಯಮ ಗೊತ್ತಿಲ್ಲದೆ ಮಗುವನ್ನು ಠಾಣೆಗೆ ಅಲೆದಾಡಿಸುವ ಪೋಷಕರನ್ನು ನೆನೆದರೆ ಸಂಕಟವಾಗುತ್ತದೆ.

ಹೊಡೆತ, ಕಟ್ಟಿಹಾಕುವುದು, ಊಟ ಕೊಡದಿರುವುದು ಮುಂತಾದವು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಬರುತ್ತವೆ. ಮಗುವಿನ ಆರೈಕೆಯ ಹೊಣೆ ಹೊತ್ತ ಸಂಸ್ಥೆಯ ಸಿಬ್ಬಂದಿಯೇ ತಪ್ಪಿತಸ್ಥರಾದರೆ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೂರಿನಲ್ಲಿ ಈ ಕಲಮನ್ನು ನಮೂದಿಸಿ.

ತುರ್ತಿದ್ದರೆ 112ಕ್ಕೆ, ಮಕ್ಕಳ ಸಹಾಯವಾಣಿಗಾದರೆ 1098ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಠಾಣೆಯವರು ವಾಪಸ್ ಕಳುಹಿಸಿದರೆ ಹಿಂದಿರುಗಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಎಲ್ಲೇ ನಡೆದಿರಲಿ ದೂರನ್ನು ಸ್ವೀಕರಿಸಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ಅಪರಾಧವೆನ್ನಲಾಗದ, ಆದರೂ ಅಪಾಯಕಾರಿಯಾದ ಲೋಪಗಳಿಗೆ, ಅಂದರೆ ಮುಚ್ಚಳವಿಲ್ಲದ ಸಂಪು, ಸಾಲದ ಆಯಾಗಳು, ಕೊಳಕು ಅಡುಗೆಮನೆ ಇಂಥವಕ್ಕೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆಯಿರಿ. ಅಂಗನವಾಡಿಯಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ದೂರು ಕೊಡಬೇಕು. ಇವರು ಸುಮ್ಮನಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ವಿಚಾರಣೆ ನಡೆಸುವಾಗ ಅಧಿಕಾರಿಗಳನ್ನು ಕರೆಸಿ ದಾಖಲೆ ಕೇಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಅದಕ್ಕಿದೆ.

ದೂರು ಒಂದೂವರೆ ಪುಟ ಮೀರದಿರಲಿ. ಘಟನೆಯನ್ನು ನಡೆದ ಕ್ರಮದಲ್ಲಿ ಬರೆದು, ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೇರೆ ಬೇರೆಯಾಗಿ ತಿಳಿಸಿ, ನಿಮಗೆ ಬೇಕಾದ ಕ್ರಮ ಯಾವುದೆಂದು ಸ್ಪಷ್ಟವಾಗಿ ಕೇಳಿ. ಕಚೇರಿಗೆ ಹೋದಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಹಾಕಿಸಿಕೊಂಡೇ ಹೊರಡಿ.